ರಾಜ್ಯದ ಕಲಾ ಯೋಜನೆಗೆ ನಮ್ಮ ಹಳ್ಳಿಯಿಂದ ಏನು ಕೇಳಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ ಕಾಲದಿಂದ ಮೂಡಲಪಾಯ (ರಾತ್ರಿಯಿಡೀ ಆಡುವ ಬಯಲಾಟ) ತಂಡ ಇದೆ, ಈಗ ನಾನು ಅದರ ಕಾರ್ಯದರ್ಶಿ. ಪದ ಹಾಡಿ ಆಟ ನಡೆಸುವ ಭಾಗವತರಿಗೆ ಎಪ್ಪತ್ತು ದಾಟಿದೆ, ಮುಖವೀಣೆ ಊದುವವರಿಗೆ ಅದಕ್ಕಿಂತ ಜಾಸ್ತಿ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಇಡೀ ರಾಜ್ಯಕ್ಕೆ ಒಂದು ಕಲಾ ಯೋಜನೆ ಆಗಬೇಕು ಅಂತ ಜಿಲ್ಲೆಯ ತಂಡಗಳೆಲ್ಲ ಸೇರಿ ಸರ್ಕಾರಕ್ಕೆ ಮನವಿ ಕೊಡಲು ಹೊರಟಿದ್ದೇವೆ. ಆದರೆ ಒಬ್ಬೊಬ್ಬರದು ಒಂದೊಂದು ಮಾತು. ತಾಲ್ಲೂಕಿಗೊಂದು ಕಲಾಭವನ ಬೇಕು ಅಂತ ಕೆಲವರು, ವರ್ಷಕ್ಕೊಂದು ಉತ್ಸವ ಬೇಕು ಅಂತ ಕೆಲವರು. ಮಾಸಾಶನ ಜಾಸ್ತಿ ಮಾಡಲಿ ಅಂತ ಹಿರಿಯರು. ಬೇಲೂರು, ಹಳೇಬೀಡಿಗೆ ಯುನೆಸ್ಕೊ ಮನ್ನಣೆ ಸಿಕ್ಕಿದೆಯಲ್ಲ, ಇನ್ನು ನಮಗೂ ದುಡ್ಡು ಬರುತ್ತೆ ಅಂತ ಒಬ್ಬರು. ಇದೆಲ್ಲ ಬೆಂಗಳೂರಿನವರಿಗೆ ಆಗೋ ಕೆಲಸ, ಸುಮ್ನೆ ಓಡಾಟ ಅಂತ ಇನ್ನೊಬ್ಬರು. ಏನು ಕೇಳಿದರೆ ನಿಜವಾಗಿ ಉಪಯೋಗ? ನಮ್ಮ ತಂಡ ನೋಂದಣಿ ಆಗಿಲ್ಲ, ತೊಂದರೆ ಆಗುತ್ತಾ? ಮನವಿ ಕೊಡುವಾಗ ಯಾರು ಮಾತಾಡಬೇಕು ಅಂತಲೂ ಜಗಳ ನಡೀತಿದೆ.

ಉತ್ತರ: ನಮಸ್ಕಾರ. ನೀವು ಕೇಳಿರುವ ಪ್ರಶ್ನೆಗಳು ಹಲವು, ಆದರೆ ಅವುಗಳ ಹಿಂದಿರುವ ಆತಂಕ ಒಂದೇ. ಈ ಇಬ್ಬರು ಹಿರಿಯರ ಕೈ ಸೋತ ಮೇಲೆ ನಿಮ್ಮೂರಲ್ಲಿ ಆಟ ಆಡುವವರು ಇರುತ್ತಾರಾ? ಅಷ್ಟರೊಳಗೆ ಯಾವುದಾದರೂ ಯೋಜನೆ ನಿಮ್ಮ ಹಳ್ಳಿಯವರೆಗೆ ಬಂದು ಮುಟ್ಟುತ್ತಾ? ಕಲಾ ತಂಡಗಳ ಅರ್ಜಿ, ಲೆಕ್ಕಪತ್ರ, ಅನುದಾನದ ಕೆಲಸದಲ್ಲೇ ಹಾಸನದಲ್ಲಿ ಬಹಳ ವರ್ಷ ಕಳೆದವಳು ನಾನು. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಲಿಸುವವರಿಗೆ ಮತ್ತು ಕಲಿಯುವವರಿಗೆ ತಿಂಗಳು ತಿಂಗಳು ಹಣ, ಅದೂ ಕನಿಷ್ಠ ಮೂರು ವರ್ಷ ತಪ್ಪದೆ. ಇದನ್ನು ಮನವಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಿರಿ. ಭವನ, ಉತ್ಸವ ಆಮೇಲೆ. ಯಾಕೆ ಅಂತ ಹೇಳುತ್ತೇನೆ.

ಮೊದಲು, ಊರಲ್ಲಿ ಓಡಾಡುತ್ತಿರುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಅಂತ ನೋಡೋಣ.

ರಾಜ್ಯಕ್ಕೆ ಸಾಂಸ್ಕೃತಿಕ ಯೋಜನೆಯೇ ಇಲ್ಲ ಅಂದುಕೊಂಡು ಮನವಿ ಬರೆದರೆ ಮೊದಲ ಸಾಲಿಗೇ ಅಧಿಕಾರಿಗಳು ನಿಮ್ಮನ್ನು ತಿದ್ದುತ್ತಾರೆ. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ 2014ರಲ್ಲೇ ಸಾಂಸ್ಕೃತಿಕ ನೀತಿಯ ವರದಿ ಕೊಟ್ಟಿತ್ತು. 2017ರಲ್ಲಿ ಸಚಿವ ಸಂಪುಟ ನೀತಿಯನ್ನು ಒಪ್ಪಿತು. ಅಂದರೆ ನೀತಿ ಇದೆ. ಆದರೆ ನೀತಿ ಬೇರೆ, ಬಜೆಟ್ ಬೇರೆ. ಯಾವ ದಿಕ್ಕಿಗೆ ಹೋಗಬೇಕು ಅಂತ ನೀತಿ ಹೇಳುತ್ತೆ, ಅಷ್ಟೇ. ಅದು ಕಾಯ್ದೆ ಅಲ್ಲ, ಹಾಗಾಗಿ ಜಾರಿ ಆಗಲಿಲ್ಲ ಅಂತ ಕೋರ್ಟಿಗೆ ಹೋಗೋಕೂ ಆಗಲ್ಲ. ಪ್ರತಿ ವರ್ಷ ಬಜೆಟ್ಟಿನಲ್ಲಿ ಅದರ ಹೆಸರಲ್ಲಿ ಹಣ ಇಟ್ಟರೆ ಮಾತ್ರ ಅದು ಹಳ್ಳಿಗೆ ಬರುತ್ತೆ. ಆದ್ದರಿಂದ ಹೊಸ ನೀತಿ ಮಾಡಿ ಅಂತ ಕೇಳುವ ಬದಲು, ಇರುವ ನೀತಿಯನ್ನು ಜಿಲ್ಲೆವಾರು ಯೋಜನೆ ಮಾಡಿ, ಯಾವ ವರ್ಷ ಯಾವ ಕೆಲಸ, ಅದಕ್ಕೆ ಎಷ್ಟು ದುಡ್ಡು, ಯಾರು ಜವಾಬ್ದಾರರು ಅಂತ ಬರೆದು ಪ್ರಕಟಿಸಿ ಎಂದು ಕೇಳಿ. ಆ ಬೇಡಿಕೆಗೆ ಬೆನ್ನು ತಿರುಗಿಸುವುದು ಅವರಿಗೆ ಕಷ್ಟ.

ಯುನೆಸ್ಕೊ ವಿಚಾರ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜಿಲ್ಲೆಗೆ ಹೆಮ್ಮೆಯ ವಿಷಯ, ನನಗೂ ಖುಷಿಯೇ. ಆದರೆ ಆ ಪಟ್ಟಿ ಕಟ್ಟಡ ಮತ್ತು ಅದರ ಸುತ್ತಲ ಜಾಗಕ್ಕೆ ಸಂಬಂಧಿಸಿದ್ದು. ಆಟ, ಹಾಡು, ಕುಣಿತದಂಥ ಜೀವಂತ ಕಲೆಗಳಿಗೆ ಯುನೆಸ್ಕೊದ ಒಪ್ಪಂದವೇ ಬೇರೆ, 2003ರದ್ದು. ಹೊಯ್ಸಳ ದೇವಾಲಯಕ್ಕೆ ಸಿಕ್ಕ ಮನ್ನಣೆಯಿಂದ ಮೂಡಲಪಾಯಕ್ಕೆ ತಾನಾಗಿ ಒಂದು ರೂಪಾಯಿಯೂ ಬರಲ್ಲ. ಪ್ರವಾಸಿಗರು ಜಾಸ್ತಿ ಆಗಬಹುದು. ಆದರೆ ಅವರು ಹಗಲು ಬಂದು ಹಗಲೇ ಹೋಗುವವರು, ನಿಮ್ಮದು ರಾತ್ರಿಯಿಡೀ ನಡೆಯುವ ಆಟ. ಪ್ರವಾಸೋದ್ಯಮವನ್ನು ನೆಚ್ಚಿಕೊಂಡ ತಂಡಗಳು ಕೊನೆಗೆ ಹೋಟೆಲು, ರೆಸಾರ್ಟ್ ಅಂಗಳದಲ್ಲಿ ಇಪ್ಪತ್ತು ನಿಮಿಷದ ತುಣುಕಿಗೆ ಇಳಿದಿದ್ದನ್ನು ಕಂಡಿದ್ದೇನೆ. ಸಂಪಾದನೆ ಆಗುತ್ತೆ, ಬೇಡ ಅನ್ನಲ್ಲ. ಆದರೆ ಅದರಿಂದ ಹೊಸ ಭಾಗವತ ತಯಾರಾಗಲ್ಲ.

ಎಲ್ಲ ಬೆಂಗಳೂರಿಗೇ ಹೋಗುತ್ತೆ ಅನ್ನುವ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ರಾಜಧಾನಿಯಲ್ಲಿರುವ ಸಂಸ್ಥೆಗೆ ಅರ್ಜಿ ಬರೆಯುವವರು, ಆಡಿಟರ್, ವಿಡಿಯೊ ತೆಗೆಯುವವರು ಎಲ್ಲ ಕೈಗೆ ಸಿಗುತ್ತಾರೆ. ಹಾಗಾಗಿ ಅವರ ಅರ್ಜಿ ಚೆನ್ನಾಗಿರುತ್ತೆ. ಹಳ್ಳಿ ತಂಡದ್ದು ದಾಖಲೆ ಸಾಲದೆ ಬಿದ್ದುಹೋಗುತ್ತೆ. ಹಣವೂ ಒಂದೇ ಕಡೆ ಇಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಸ್ವಲ್ಪ, ಜಾನಪದ ಅಕಾಡೆಮಿ, ಯಕ್ಷಗಾನ ಅಕಾಡೆಮಿ, ಬಯಲಾಟ ಅಕಾಡೆಮಿಗಳಲ್ಲಿ ಸ್ವಲ್ಪ, ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಸ್ವಲ್ಪ, ಪರಿಶಿಷ್ಟ ಜಾತಿ ಮತ್ತು ಪಂಗಡದ ಕಲಾವಿದರಿಗೆ ಮೀಸಲಾದ ಉಪಯೋಜನೆಗಳಲ್ಲಿ ಸ್ವಲ್ಪ. ಇದರ ಮೇಲೆ ಅಕಾಡೆಮಿಗಳ ಅಧ್ಯಕ್ಷರು, ಸದಸ್ಯರು ಸರ್ಕಾರದ ಜೊತೆಗೇ ಬದಲಾಗುತ್ತಾರೆ. 2023ರಲ್ಲಿ ಸರ್ಕಾರ ಬದಲಾದಾಗ ಖಾಲಿಯಾದ ಜಾಗಗಳು ತುಂಬಿದ್ದು 2024ರ ಮಾರ್ಚ್‌ನಲ್ಲಿ. ಅಂಥ ಸಮಯದಲ್ಲಿ ದಿನನಿತ್ಯದ ಕೆಲಸ ಹೇಗೋ ನಡೆದರೂ ಹೊಸದೇನೂ ಶುರುವಾಗಲ್ಲ. ನಿಮ್ಮ ಭಾಗವತರಿಗೆ ಎಪ್ಪತ್ತು ದಾಟಿದೆ ಅಂದಿರಲ್ಲ, ಅವರ ಮಟ್ಟಿಗೆ ಹೀಗೆ ಕಳೆದುಹೋಗುವ ಒಂದು ವರ್ಷ ಅಂದರೆ ಎಷ್ಟು ದೊಡ್ಡದು ಯೋಚಿಸಿ. ಸರ್ಕಾರ ಬದಲಾದರೂ ಕಲಿಕೆಯ ಹಣ ನಿಲ್ಲಬಾರದು ಅನ್ನುವ ಒಂದು ಸಾಲು ಮನವಿಯಲ್ಲಿ ಇರಲೇಬೇಕು.

ಈಗ ತಂಡಗಳು ಯಾಕೆ ಕುಸಿಯುತ್ತಿವೆ ಅನ್ನುವುದಕ್ಕೆ ಬರುತ್ತೇನೆ. ಟಿವಿ ಬಂತು, ಮೊಬೈಲ್ ಬಂತು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಕಾರಣ ಮಾತ್ರ. ಮೊದಲು ಆಟ ಆಡಿಸುತ್ತಿದ್ದುದು ಊರು. ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ರಾಗಿ, ದುಡ್ಡು ಎತ್ತಿ, ಅಟ್ಟ (ಆಟದ ವೇದಿಕೆ) ಕಟ್ಟಿ, ತಿಂಗಳುಗಟ್ಟಲೆ ತಾಲೀಮು ಮಾಡಿಸಿ ಊರವರೇ ಆಡುತ್ತಿದ್ದರು, ಊರವರೇ ನೋಡುತ್ತಿದ್ದರು. ಈಗ ಆ ಜಾಗಕ್ಕೆ ಸರ್ಕಾರ ಬಂದಿದೆ. ಸರ್ಕಾರ ಕರೆಯುವುದು ಹೆಚ್ಚಾಗಿ ಮೆರವಣಿಗೆಗೆ, ಉದ್ಘಾಟನೆಗೆ, ಜಯಂತಿಗೆ. ಮೆರವಣಿಗೆಯಲ್ಲಿ ನಡೆಯುತ್ತಾ ಮಾಡಬಹುದಾದ ಕಲೆಗೆ ಅವಕಾಶ ಜಾಸ್ತಿ. ಡೊಳ್ಳು, ವೀರಗಾಸೆ, ಪಟ ಕುಣಿತ ಕಣ್ಣಿಗೆ ತುಂಬುತ್ತವೆ, ರಸ್ತೆಯಲ್ಲಿ ಸಾಗುತ್ತವೆ. ಕಡೂರು, ತರೀಕೆರೆ ಕಡೆಯ ವೀರಗಾಸೆ ತಂಡಗಳಿಗೆ ಇದರಿಂದ ಸ್ವಲ್ಪವಾದರೂ ಉಸಿರು ಸಿಕ್ಕಿದೆ. ಮೂಡಲಪಾಯ ಹಾಗಲ್ಲ. ಅದಕ್ಕೆ ಅಟ್ಟ ಬೇಕು, ಹಿಮ್ಮೇಳ ಬೇಕು, ಕೂತು ನೋಡುವ ಜನ ಬೇಕು, ರಾತ್ರಿ ಬೇಕು. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಟ್ರ್ಯಾಕ್ಟರ್ ಮೇಲೆ ನಿಂತು ಕೈ ಬೀಸಿದರೆ ಅದು ವೇಷ ಆಗುತ್ತೆ, ಆಟ ಆಗಲ್ಲ. ಸೋಬಾನೆ ಹಾಡುವ ಹೆಂಗಸರ ಕತೆ ಇನ್ನೂ ಕಷ್ಟ. ಅವರಿಗೆ ತಂಡ ಅಂತ ಹೆಸರಿಲ್ಲ, ಲೆಟರ್‌ಹೆಡ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಹಾಗಾಗಿ ಯಾವ ಪಟ್ಟಿಯಲ್ಲೂ ಅವರು ಕಾಣಲ್ಲ. ಮದುವೆ ಮನೆಯಲ್ಲಿ ಹಾಡಲು ಕರೆಯದೇ ಹೋದರೆ ಅವರಿಗೆ ಗೊತ್ತಿರುವ ನೂರಾರು ಪದ ಅವರ ಜೊತೆಗೇ ಹೋಗುತ್ತೆ.

ನಿಮ್ಮ ಮುಖವೀಣೆಯವರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಮಾತಿನ ತಿರುಳೆಲ್ಲ ಅಲ್ಲೇ ಇದೆ. ಮೂಡಲಪಾಯದ ಹಿಮ್ಮೇಳಕ್ಕೆ ಅದರದೇ ಬಣ್ಣ ಕೊಡುವುದು ಮುಖವೀಣೆ. ನೋಡಲು ಚಿಕ್ಕ ವಾದ್ಯ. ಆದರೆ ಊದಲು ಎದೆಯಲ್ಲಿ ದಮ್ಮು ಬೇಕು, ರಾತ್ರಿಯಿಡೀ ಊದುವ ಅಭ್ಯಾಸ ಬೇಕು. ಭಾಗವತರು ಪದ ಎತ್ತಿದಾಗ ಶ್ರುತಿ ಹಿಡಿದು ಜೊತೆಗೇ ಹೋಗಬೇಕು, ಅವರು ಉಸಿರು ತೆಗೆದುಕೊಳ್ಳುವ ಜಾಗ ತುಂಬಬೇಕು, ಕುಣಿಯುವವನ ಹೆಜ್ಜೆಯ ಮೇಲೂ ಕಣ್ಣಿರಬೇಕು. ಇದು ಪುಸ್ತಕದಿಂದ ಬರಲ್ಲ. ಊದುವವರ ಪಕ್ಕದಲ್ಲಿ ಕೂತು, ಆಟದ ಮೇಲೆ ಆಟ ಕೇಳಿ, ಬೈಸಿಕೊಂಡು ಬರಬೇಕು. ಊದುವ ತುದಿಯನ್ನು ಹದ ಮಾಡಿಕೊಳ್ಳುವುದೇ ಒಂದು ವಿದ್ಯೆ, ಅದನ್ನು ಬಲ್ಲವರೂ ಕಡಿಮೆ. ಮುಖವೀಣೆಯವರು ಇಲ್ಲವಾದಾಗ ತಂಡಗಳು ಸಾಮಾನ್ಯವಾಗಿ ಹಾರ್ಮೋನಿಯಂ ಇಟ್ಟುಕೊಂಡು ಮುಂದುವರಿಯುತ್ತವೆ. ಆಟ ನಿಲ್ಲಲ್ಲ, ನಿಜ. ಆದರೆ ಹಾರ್ಮೋನಿಯಂನ ಕಟ್ಟಿದ ಸ್ವರಕ್ಕೆ ಭಾಗವತರ ಗಂಟಲು ಒಗ್ಗುತ್ತಾ ಹೋಗುತ್ತೆ, ಹಳೆಯ ಮಟ್ಟುಗಳ ಬಳುಕು ಒಂದೊಂದಾಗಿ ಸವೆಯುತ್ತೆ. ಒಬ್ಬ ಹುಡುಗ ಮುಖವೀಣೆಯಲ್ಲಿ ಒಂದು ರಾತ್ರಿಯ ಆಟ ನಿಭಾಯಿಸಲು ಏನಿಲ್ಲವೆಂದರೂ ಎರಡು ಮೂರು ವರ್ಷ ಬೇಕು. ಅಷ್ಟು ದಿನ ಅವನ ಮನೆ ನಡೆಯಬೇಕು, ಕಲಿಸುವವರ ಮನೆಯೂ ನಡೆಯಬೇಕು. ಕೂಲಿ ಬಿಟ್ಟು ಬಂದು ಕಲಿ ಅಂತ ಯಾವ ಮುಖ ಇಟ್ಟುಕೊಂಡು ಹೇಳೋಣ, ಅಲ್ವಾ? ಅದಕ್ಕೇ ತಿಂಗಳ ಹಣ ಅಂತ ನಾನು ಹಟ ಹಿಡಿಯುವುದು.

ಇದು ಹೊಸ ಕಲ್ಪನೆಯೂ ಅಲ್ಲ. ಕೇಂದ್ರದ ವಲಯ ಸಾಂಸ್ಕೃತಿಕ ಕೇಂದ್ರಗಳು ನಡೆಸುವ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೆ, ಪಕ್ಕವಾದ್ಯದವರಿಗೆ, ಶಿಷ್ಯರಿಗೆ ಪ್ರತ್ಯೇಕವಾಗಿ ತಿಂಗಳ ಗೌರವಧನ ಇದೆ. ಕರ್ನಾಟಕ ಸೇರುವ ದಕ್ಷಿಣ ವಲಯ ಕೇಂದ್ರ ತಂಜಾವೂರಿನಲ್ಲಿದೆ. ಕೇರಳದಲ್ಲಿ ವಜ್ರಜೂಬಿಲಿ ಫೆಲೋಶಿಪ್ ಅಂತ ಮಾಡಿದರು. ಯುವ ಕಲಾವಿದರು ಊರೂರಿನಲ್ಲಿ ಉಚಿತವಾಗಿ ಕಲಿಸುತ್ತಾರೆ, ಅವರ ತಿಂಗಳ ಹಣದಲ್ಲಿ ಒಂದು ಪಾಲು ಇಲಾಖೆಯದು, ಒಂದು ಪಾಲು ಸ್ಥಳೀಯ ಸಂಸ್ಥೆಯದು. ಪಂಚಾಯಿತಿ ತನ್ನ ಗಂಟಿನಿಂದಲೂ ಕೊಡುವುದರಿಂದ ಪಾಠ ನಡೀತಿದೆಯಾ ಅಂತ ಅದೇ ಕೇಳುತ್ತೆ. ಈ ಅಂಶ ನನಗೆ ಬಹಳ ಹಿಡಿಸಿತು. ಪಶ್ಚಿಮ ಬಂಗಾಳ 2014ರಲ್ಲಿ ಶುರು ಮಾಡಿದ ಲೋಕಪ್ರಸಾರ ಪ್ರಕಲ್ಪದಲ್ಲಿ ಜನಪದ ಕಲಾವಿದರಿಗೆ ಗುರುತಿನ ಚೀಟಿ, ತಿಂಗಳಿಗೆ 1,000 ರೂಪಾಯಿ, ಕಾರ್ಯಕ್ರಮ ಕೊಟ್ಟರೆ ಬೇರೆ ಸಂಭಾವನೆ. ಹೆಸರು ಪಟ್ಟಿಗೆ ಬಂತು, ಕೈಗೆ ಕಾಸು ಬಂತು. ಆದರೆ ಕಾರ್ಯಕ್ರಮ ಅಂದರೆ ಬಹಳ ಸಲ ಸರ್ಕಾರಿ ಯೋಜನೆಗಳ ಪ್ರಚಾರದ ಹಾಡು. ಆ ದಾರಿ ನಮಗೆ ಬೇಡ. ದೂರದ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 2008ರಲ್ಲಿ ಜನರೇ ಮತ ಹಾಕಿ ಮಾರಾಟ ತೆರಿಗೆಯನ್ನು ಶೇಕಡ 0.375ರಷ್ಟು, 25 ವರ್ಷದ ಮಟ್ಟಿಗೆ ಏರಿಸಿಕೊಂಡರು. ಅದರಲ್ಲಿ ಶೇಕಡ 19.75 ಪಾಲು ಕಲೆ ಮತ್ತು ಸಂಸ್ಕೃತಿಗೆ ಮೀಸಲು. ಅಷ್ಟು ದೊಡ್ಡದನ್ನು ನಾವು ಈಗಲೇ ಕೇಳೋಕಾಗಲ್ಲ. ಆದರೆ ವರ್ಷ ವರ್ಷ ಯಾರದೋ ಬಾಗಿಲು ಕಾಯದ ಹಾಗೆ ಹಣದ ಮೂಲವನ್ನೇ ಗಟ್ಟಿ ಮಾಡಿಕೊಂಡರಲ್ಲ, ಆ ಬುದ್ಧಿ ನಮಗೂ ಬೇಕು.

ಗುರು-ಶಿಷ್ಯ ಹಣಕ್ಕೂ ಅಪಾಯಗಳಿವೆ, ಮುಚ್ಚಿಡಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಶಿಷ್ಯರು ಇರಬಹುದು. ಗುರು ಯಾರು ಅಂತ ಆರಿಸುವಾಗ ಓಡಾಟ ಬಲ್ಲವರ ಹೆಸರು ಬಂದು, ವಿದ್ಯೆ ಬಲ್ಲವರ ಹೆಸರು ಬಿಟ್ಟುಹೋಗಬಹುದು. ವಾದ್ಯ ನುಡಿಸುವವರು ಒಂದು ಜಾತಿ, ತಂಡದ ಪದಾಧಿಕಾರಿಗಳು ಇನ್ನೊಂದು ಜಾತಿ ಆಗಿರುವ ಕಡೆ ಹಣ ಯಾರ ಖಾತೆಗೆ ಹೋಗುತ್ತೆ ಅನ್ನುವುದು ದೊಡ್ಡ ಪ್ರಶ್ನೆ. ಆದ್ದರಿಂದ ಹಣ ತಂಡದ ಖಾತೆಗೆ ಬೇಡ, ಕಲಿಸುವವರ ಮತ್ತು ಕಲಿಯುವವರ ಸ್ವಂತ ಖಾತೆಗೇ ಬರಲಿ ಅಂತ ಬರೆಯಿರಿ. ವರ್ಷಕ್ಕೊಮ್ಮೆ ಶಿಷ್ಯರು ಊರ ಮುಂದೆ ಆಡಿ ತೋರಿಸಲಿ. ಊರವರ ಕಣ್ಣಿಗಿಂತ ಒಳ್ಳೆಯ ತಪಾಸಣೆ ಇಲ್ಲ. ಹೆಣ್ಣುಮಕ್ಕಳಿಗೂ ಜಾಗ ಇರಲಿ. ನಿಮ್ಮ ಹುಡುಗರು ಬೆಂಗಳೂರಿಗೆ ಹೋಗಿದ್ದಾರೆ, ಹುಡುಗಿಯರು ಊರಲ್ಲೇ ಹೈಸ್ಕೂಲಿಗೆ ಹೋಗುತ್ತಿರಬೇಕಲ್ಲ, ಅವರನ್ನು ಯಾರಾದರೂ ಕೇಳಿ ನೋಡಿದ್ದೀರಾ?

ಕಲಾಭವನ ಯಾಕೆ ಕೆಳಗೆ ಹಾಕಿ ಅಂದೆ? ಕಟ್ಟಡಕ್ಕೆ ದುಡ್ಡು ತರುವುದು ಸುಲಭ, ಶಂಕುಸ್ಥಾಪನೆಗೆ ಎಲ್ಲರೂ ಬರುತ್ತಾರೆ. ಆಮೇಲೆ ಕರೆಂಟ್ ಬಿಲ್, ಕಾವಲುಗಾರ, ಮೈಕು, ಸೋರುವ ಚಾವಣಿ ಯಾರ ತಲೆಗೆ? ಖರ್ಚು ತೂಗಿಸಲು ಬಾಡಿಗೆ ಏರುತ್ತೆ, ಏರಿದ ಬಾಡಿಗೆ ಮದುವೆಯವರಿಗೆ ಮಾತ್ರ ಎಟಕುತ್ತೆ. ಹಾಸನದಲ್ಲಿ ಹಾಸನಾಂಬ ಕಲಾಕ್ಷೇತ್ರ ಇದೆ, ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರ ಇದೆ. ಜಿಲ್ಲಾ ಕೇಂದ್ರಕ್ಕೆ ಅಂಥದ್ದು ಬೇಕು, ಸರಿ. ನಿಮಗೆ ಬೇಕಿರುವುದು ಸಂಜೆ ಏಳರಿಂದ ಒಂಬತ್ತರವರೆಗೆ ತಾಲೀಮಿಗೆ ಒಂದು ಜಾಗ, ವೇಷದ ಪೆಟ್ಟಿಗೆ ಇಡಲು ಇಲಿ ಬರದ ಒಂದು ಕೋಣೆ. ಶಾಲೆ ಇದೆ, ಸಮುದಾಯ ಭವನ ಇದೆ, ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಇದೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಸಂಜೆ ಹೊತ್ತು ಕಲಾ ತಂಡಗಳಿಗೆ ಬಿಟ್ಟುಕೊಡಬೇಕು ಅಂತ ರಾಜ್ಯದಿಂದ ಒಂದು ಆದೇಶ ಬಂದರೆ ಸಾಕು, ಖರ್ಚೇ ಇಲ್ಲ.

ಉತ್ಸವದ ಬಗ್ಗೆ ಒಂದೇ ಮಾತು. ಉತ್ಸವ ಬೇಡ ಅನ್ನಬೇಡಿ, ಸಂಭಾವನೆ ಯಾವಾಗ ಕೊಡುತ್ತೀರಿ ಅಂತ ಕೇಳಿ. ಕಾರ್ಯಕ್ರಮ ಮುಗಿದು ಮೂವತ್ತು ದಿನದೊಳಗೆ ಹಣ ಖಾತೆಗೆ ಬರಬೇಕು, ವಾಹನ ಖರ್ಚು ಮುಂಗಡ ಬರಬೇಕು. ಅರಸೀಕೆರೆಯಿಂದ ಹಾಸನಕ್ಕೆ ಹತ್ತಿರ ಹತ್ತಿರ 45 ಕಿಲೋಮೀಟರ್. ಹದಿನೈದು ಜನ, ಪೆಟ್ಟಿಗೆ, ವಾದ್ಯ ಹಾಕಿಕೊಂಡು ಟೆಂಪೊದಲ್ಲಿ ಹೋಗಿ ಬರುವ ಖರ್ಚನ್ನು ಕೂಲಿ ಮಾಡುವ ಕಲಾವಿದ ಕೈಯಿಂದ ಹಾಕಿ ತಿಂಗಳುಗಟ್ಟಲೆ ಕಾಯುವುದು ಅನ್ಯಾಯ.

ಮಾಸಾಶನ ಬೇರೆ ಕೆಲಸ, ಅದಕ್ಕೆ ಯೋಜನೆ ಬರಲಿ ಅಂತ ಕಾಯಬೇಡಿ. 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಇಲಾಖೆಯ ಮಾಸಾಶನ ಈಗಲೇ ಇದೆ. ನಿಮ್ಮ ಇಬ್ಬರು ಹಿರಿಯರಿಗೆ ಬರುತ್ತಿದೆಯಾ ಇಲ್ಲವಾ ನೀವು ಬರೆದಿಲ್ಲ. ಇಲ್ಲದಿದ್ದರೆ ಅರ್ಜಿ ಕರೆದಾಗ ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಹಾಕಿಸಿ. ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಕಲಾ ಸೇವೆಯ ಪುರಾವೆಯಲ್ಲಿ. ಹಳೆಯ ಕರಪತ್ರ, ಜಾತ್ರೆಯ ಪೋಸ್ಟರ್, ಪೇಪರ್ ತುಣುಕು, ಯಾರದೋ ಮದುವೆ ಆಲ್ಬಮ್ಮಿನಲ್ಲಿರುವ ಆಟದ ಫೋಟೊ, ಎಲ್ಲ ಹುಡುಕಿ ಇಡಿ.

ನೋಂದಣಿ ವಿಚಾರ. ಸಂಸ್ಥೆಯಾಗಿ ಧನಸಹಾಯ ಕೇಳಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಬೇಕು, ಏಳು ಜನ ಸದಸ್ಯರಿದ್ದರೆ ಆಗುತ್ತೆ. ಆದರೆ ನೋಂದಣಿ ಆದ ಮೇಲೂ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಆಡಳಿತ ಮಂಡಳಿ ಪಟ್ಟಿ, ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಉತ್ಸಾಹದಲ್ಲಿ ನೋಂದಣಿ ಮಾಡಿಸಿ, ಎರಡನೇ ವರ್ಷಕ್ಕೇ ಇದನ್ನೆಲ್ಲ ಬಿಟ್ಟು, ಅನುದಾನದ ಹೊತ್ತಿಗೆ ದಂಡ ಕಟ್ಟುತ್ತಾ ನಿಂತ ತಂಡಗಳು ಬಹಳ. ಲೆಕ್ಕ ಬರೆಯುವ ಒಬ್ಬರು ಊರಲ್ಲಿ ಸಿಕ್ಕರೆ ಮಾತ್ರ ಈಗ ಮಾಡಿಸಿ. ಇಲ್ಲದಿದ್ದರೆ ಅಕ್ಕಪಕ್ಕದ ಊರಿನ ನಾಲ್ಕೈದು ತಂಡ ಸೇರಿ ಒಂದೇ ಸಂಘ ಮಾಡಿಕೊಳ್ಳಿ, ಖರ್ಚು ಹಂಚಿಹೋಗುತ್ತೆ. ಒಂದು ತಂಡವೇ ಎಲ್ಲ ನುಂಗುವ ಭಯ ಇದ್ದರೆ ಅಧ್ಯಕ್ಷಗಿರಿ ವರ್ಷಕ್ಕೊಂದು ತಂಡಕ್ಕೆ ಅಂತ ಬೈಲಾದಲ್ಲೇ ಬರೆಸಿ. ಕಂಪನಿಗಳ ಸಾಮಾಜಿಕ ಹೊಣೆಯ ಹಣ ಅಂತಲೂ ಯಾರಾದರೂ ಹೇಳಿಯಾರು. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಯೂ ಇದೆ, ನಿಜ. ಆದರೆ ಅದಕ್ಕೆ ಆದಾಯ ತೆರಿಗೆಯ ನೋಂದಣಿಗಳು, ಮೂರು ವರ್ಷದ ಕೆಲಸದ ದಾಖಲೆ ಬೇಕು. ನಿಮ್ಮ ತಂಡಕ್ಕೆ ಅದು ಮೊದಲ ಮೆಟ್ಟಿಲಲ್ಲ.

ಮೊದಲ ಮೆಟ್ಟಿಲು ನಿಮ್ಮ ಗ್ರಾಮ ಪಂಚಾಯಿತಿ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. 21ನೆಯದು ಸಾಂಸ್ಕೃತಿಕ ಚಟುವಟಿಕೆ. ಚರಂಡಿ, ಬೀದಿದೀಪ ಪಂಚಾಯಿತಿ ಕೆಲಸ ಅಂತ ಹೇಗೆ ಕೇಳುತ್ತೀರೋ, ಇದನ್ನೂ ಅಷ್ಟೇ ಗಟ್ಟಿಯಾಗಿ ಗ್ರಾಮಸಭೆಯಲ್ಲಿ ಕೇಳಬಹುದು. ಸ್ವಂತ ವರಮಾನದಿಂದ ಸಣ್ಣ ಮೊತ್ತವಾದರೂ ವಾದ್ಯ ರಿಪೇರಿಗೆ, ತಾಲೀಮಿಗೆ ಇಡಿ ಅಂತ ಠರಾವು ಮಾಡಿಸಿ. ಪಂಚಾಯಿತಿ ಯೋಜನೆಗೆ ಬಂದದ್ದು ಜಿಲ್ಲಾ ಯೋಜನಾ ಸಮಿತಿಯವರೆಗೆ ಹೋಗಬೇಕಾದ ದಾರಿ ಕಾನೂನಿನಲ್ಲೇ ಇದೆ. ರಾಜ್ಯದ ಯೋಜನೆಯನ್ನು ಬೆಂಗಳೂರಿನಲ್ಲಿ ಕೂತು ಬರೆದರೆ ಅದರಲ್ಲಿ ನಿಮ್ಮೂರು ಇರಲ್ಲ. ಪಂಚಾಯಿತಿಗಳಿಂದ ಮೇಲಕ್ಕೆ ಬಂದ ಪಟ್ಟಿಯ ಮೇಲೆ ಬರೆದರೆ ಬಿಟ್ಟುಬಿಡೋಕೆ ಆಗಲ್ಲ.

ಆ ಪಟ್ಟಿಯನ್ನು ನೀವೇ ಮಾಡಿ. ಒಂದು ನೋಟ್‌ಬುಕ್ ಸಾಕು. ಹೋಬಳಿಯಲ್ಲಿ ಯಾರಿಗೆ ಏನು ಬರುತ್ತೆ, ವಯಸ್ಸೆಷ್ಟು, ಯಾರಿಂದ ಕಲಿತರು, ಯಾರಿಗಾದರೂ ಕಲಿಸಿದ್ದಾರಾ, ಯಾವ ವಾದ್ಯ ಯಾವ ಸ್ಥಿತಿಯಲ್ಲಿದೆ, ಕೊನೆಯ ಸಲ ಇಡೀ ರಾತ್ರಿ ಆಟ ಆಡಿದ್ದು ಯಾವಾಗ. ಸೋಬಾನೆಯವರು, ತಮಟೆಯವರು, ಸೋಮನ ಕುಣಿತದವರು ಯಾರನ್ನೂ ಬಿಡಬೇಡಿ. ಭಾಗವತರ ಪದಗಳನ್ನು ಈಗಲೇ ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ, ಪದದ ಪುಸ್ತಕಗಳ ಫೋಟೊ ತೆಗೆದಿಡಿ. ಹೊರಗಿನವರು ಬಂದು ರೆಕಾರ್ಡ್ ಮಾಡಿದರೆ ಒಂದು ಪ್ರತಿ ತಂಡಕ್ಕೆ, ಕಲಾವಿದರ ಹೆಸರು ಹಾಕಬೇಕು, ವ್ಯಾಪಾರಕ್ಕೆ ಬಳಸಿದರೆ ಹಣ ಕೊಡಬೇಕು ಅಂತ ಬರೆಸಿಕೊಂಡೇ ಒಪ್ಪಿ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೆ 50 ವರ್ಷದ ಹಕ್ಕಿದೆ, ಹಳ್ಳಿಯವರು ಅಂತ ಅದು ಕಡಿಮೆ ಆಗಲ್ಲ.

ಇನ್ನು, ಯಾರು ಮಾತಾಡಬೇಕು ಅಂತ ಕೇಳಿದ್ದೀರಿ. ಮುಖವೀಣೆಯವರೇ ಮಾತಾಡಲಿ, ಅವರ ಜೊತೆ ಕಲಿಯಲು ಒಪ್ಪಿರುವ ಒಬ್ಬ ಹುಡುಗನೋ ಹುಡುಗಿಯೋ ಇರಲಿ. ಅಂಕಿ, ಕಾಯ್ದೆ, ಬೇಡಿಕೆಯ ಭಾಗ ನೀವು ಓದಿ. ಮನವಿ ಎರಡು ಪುಟ ಮೀರದಿರಲಿ, ಪಂಚಾಯಿತಿ ಠರಾವಿನ ನಕಲು ಮತ್ತು ನೋಟ್‌ಬುಕ್ಕಿನ ಪಟ್ಟಿ ಹಿಂದೆ ಲಗತ್ತಿಸಿ. ಒಂದು ಪ್ರತಿ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ನಿಮ್ಮ ಶಾಸಕರಿಗೆ ಕೊಡಿ, ಮೂರಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಂಡನೆ ಆಗುತ್ತೆ, ಇಲಾಖೆಗಳ ಸಿದ್ಧತೆ ಅದಕ್ಕೆ ತಿಂಗಳುಗಳ ಮೊದಲೇ ಶುರುವಾಗುತ್ತೆ. ಹಾಗಾಗಿ ದೀಪಾವಳಿಯೊಳಗೆ ಮನವಿ ಕೊಟ್ಟು ಮುಗಿಸಿ.